ನೀಲಿ ಡ್ರಮ್ಮು, ಹತ್ತು ಮೀಟರ್ ಪೈಪು: ಕಂಟ್ರೋಲ್ ಲೆಕ್ಕ ಕಲಿಸಿದ ನನ್ನ ಅನುಭವ

ದಾವಣಗೆರೆಯಲ್ಲಿ ನನ್ನನ್ನು ಹಿಂದಿನಿಂದ ‘ಡ್ರಮ್ ಮೇಷ್ಟ್ರು’ ಅಂತ ಕರೆಯುವವರಿದ್ದಾರೆ. ಮೊದಲು ಸಿಟ್ಟು ಬರುತ್ತಿತ್ತು, ಈಗ ಬರಲ್ಲ. ಆ ಹೆಸರಿಟ್ಟವರೇ ಹೋದ ತಿಂಗಳು ನಮ್ಮನೆ ಮಹಡಿ ಹತ್ತಿ ಬಂದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಕೆಮಿಕಲ್ ಎಂಜಿನಿಯರಿಂಗ್ ಹುಡುಗರಿಗೆ ಪ್ರೊಸೆಸ್ ಕಂಟ್ರೋಲ್ (ಬಿಸಿ, ಹರಿವು, ಮಟ್ಟವನ್ನು ಬೇಕಾದಷ್ಟಕ್ಕೆ ನಿಲ್ಲಿಸುವ ವಿದ್ಯೆ) ಪೇಪರಿನ ಟ್ಯೂಷನ್ ಹೇಳಿಕೊಡಲು ಶುರು ಮಾಡಿ ಹದಿನಾಲ್ಕು ವರ್ಷ ಆಯಿತು. ಈ ಪೇಪರಿನ ಕಷ್ಟ ಲ್ಯಾಪ್ಲಾಸ್ ಅನ್ನೋ ಗಣಿತ ಅಲ್ಲ. ಪಾರ್ಷಿಯಲ್ ಫ್ರಾಕ್ಷನ್ ಬಿಡಿಸು ಅಂದರೆ ನಿದ್ದೆಗಣ್ಣಲ್ಲೂ ಬಿಡಿಸುತ್ತಾರೆ, ರೂತ್ ಟೇಬಲ್ ಬರೆಯುತ್ತಾರೆ. “ಟೈಮ್ ಕಾನ್‌ಸ್ಟಂಟ್ 5 ಅಂತ ಕೊಟ್ಟಾನಲ್ಲ, ಐದು ಏನು? ಸೆಕೆಂಡೋ, ನಿಮಿಷವೋ, ಗಂಟೆಯೋ?” ಅಂದರೆ ಮಾತ್ರ ಮುಖ ಮುಖ ನೋಡುತ್ತಾರೆ. ಟೈಮ್ ಕಾನ್‌ಸ್ಟಂಟ್ ಅಂದರೆ ಒಂದು ವ್ಯವಸ್ಥೆ ಎಷ್ಟು ನಿಧಾನಕ್ಕೆ ಬದಲಾಗುತ್ತದೆ ಅನ್ನೋದರ ಅಳತೆ. ಅಭ್ಯಾಸಕ್ಕೆ ಕೊಡುವ ಲೆಕ್ಕಗಳೆಲ್ಲ ಹೀಗೇ. ಗೇನ್ (ಕೊಟ್ಟದ್ದಕ್ಕೆ ಎಷ್ಟು ಬದಲಾವಣೆ ಬರುತ್ತದೆ ಅನ್ನೋದು) 2, ಡೆಡ್ ಟೈಮ್ (ಬದಲಾವಣೆ ಕಾಣಲು ಶುರುವಾಗುವ ತನಕ ಕಾಯುವ ಹೊತ್ತು) 1, ಉತ್ತರ ಕೊನೇ ಪುಟದಲ್ಲಿ. ಯಾವ ತೊಟ್ಟಿಯೂ ಇಲ್ಲ, ಯಾವ ನೀರೂ ಇಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಹಟ ಹಿಡಿದೆ. ಹುಡುಗ ತಾನೇ ಅಳೆಯದ ಒಂದು ಅಂಕಿಯೂ ನನ್ನ ಲೆಕ್ಕದಲ್ಲಿ ಇರಬಾರದು. ಡ್ರಮ್ಮಿನಲ್ಲಿ ನೀರು ಕಾಯಿಸಿ ಅಳೆಸುತ್ತೇನೆ ಅಂತ ಹೇಳಿದಾಗ ಇಬ್ಬರು ನಕ್ಕರು, ಒಬ್ಬರು ಬುದ್ಧಿ ಹೇಳಿದರು: “ನೀರು ಕಾಯಿಸ್ತಾ ಕೂತರೆ ಸಿಲೆಬಸ್ ಯಾವಾಗ ಮುಗಿಸ್ತೀರಿ ಸರ್?” ಅವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಮೊದಲ ವರ್ಷ ಸಿಲೆಬಸ್ ಮುಗಿಯಲೇ ಇಲ್ಲ.

ದುಡ್ಡಿನ ವಿಚಾರ. ರೆಡಿಮೇಡ್ ಟ್ರೇನರ್ ಕಿಟ್ ವಿಚಾರಿಸಿದಾಗ 1,80,000 ಚಿಲ್ಲರೆ ಹೇಳಿದರು. ಫೋನ್ ಇಟ್ಟು ನೇರ ಗುಜರಿ ಅಂಗಡಿಗೆ ಹೋದೆ. ಲಾರಿಯ ವೈಪರ್ ಮೋಟರ್ 250, ಕಬ್ಬಿಣದ ಡ್ರಮ್ 400, ಎರಡು ಕಿಲೋವ್ಯಾಟ್‌ನ ನೀರು ಕಾಯಿಸೋ ಕಾಯಿಲ್ 600 ಹತ್ತಿರ. ಆರ್ಡಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ನಾಲ್ಕು ಟೆಂಪರೇಚರ್ ಸೆನ್ಸರ್, ಒಂದು ಸಾಲಿಡ್ ಸ್ಟೇಟ್ ರಿಲೇ (ಕಾಯಿಲಿನ ಕರೆಂಟು ಹಾಕಿ ತೆಗೆಯುವ ಎಲೆಕ್ಟ್ರಾನಿಕ್ ಸ್ವಿಚ್ಚು), ಅರ್ಧ ಇಂಚಿನ ಪೈಪು ಹತ್ತು ಮೀಟರ್. ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು ಅಂತ ಹೆಂಡತಿ ಮುಂದೆ ಬೀಗಿದೆ. ಅಸಲಿ ಲೆಕ್ಕ ಆಮೇಲೆ ಶುರುವಾಯಿತು.

ಮೊದಲ ವಾರವೇ ಒಬ್ಬ ಹುಡುಗನಿಗೆ ಡ್ರಮ್ ಮುಟ್ಟಿದ ಕೂಡಲೇ ಜುಮ್ ಅಂತು. ಅವತ್ತೇ ಕಬ್ಬಿಣದ ಡ್ರಮ್ ವಾಪಸ್ ಗುಜರಿಗೆ ಹೋಯಿತು, ನೀಲಿ ಪ್ಲಾಸ್ಟಿಕ್ ಡ್ರಮ್ ಬಂತು, ಸಾವಿರದ ಐನೂರೋ ಏನೋ ಕೊಟ್ಟು, ಕರೆಂಟು ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಹಾಕಿಸಿದೆ. ಇದರಲ್ಲಿ ಜುಗ್ಗತನ ಬೇಡ. ಆಮೇಲೆ ರಿಲೇ. ಮೇಲೆ 40 ಆಂಪಿಯರ್ ಅಂತ ಬರೆದಿದ್ದ ಅಗ್ಗದ ಮಾಲು, ಹೀಟ್‌ಸಿಂಕ್ ಇಲ್ಲದೆ ಒಂಬತ್ತು ಆಂಪಿಯರಿಗೇ ಸುಟ್ಟಿತು. ಸುಟ್ಟರೆ ಕರೆಂಟು ನಿಲ್ಲುತ್ತದೆ ಅಂದುಕೊಂಡಿದ್ದೆ. ಈ ರಿಲೇಗಳು ಕೆಟ್ಟರೆ ಹೆಚ್ಚಾಗಿ ಒಳಗೆ ಶಾರ್ಟ್ ಆಗಿಯೇ ಕೂರುತ್ತವೆ, ಕಾಯಿಲ್ ಕಾಯುತ್ತಲೇ ಇರುತ್ತದೆ. ಕಂಪ್ಯೂಟರಿನ ಪರದೆ ಮೇಲೆ ಔಟ್‌ಪುಟ್ ಸೊನ್ನೆ, ಡ್ರಮ್ಮಿನಲ್ಲಿ ಹಬೆ. ಹಳೇ ಗೀಸರಿನ ಥರ್ಮಲ್ ಕಟ್‌ಔಟ್ ಬಿಚ್ಚಿ ಸರಣಿಯಲ್ಲಿ ಹಾಕಿದ ಮೇಲೆ ನೆಮ್ಮದಿ. ಹೀಗೆ ಸುಟ್ಟಿದ್ದು, ಎಸೆದಿದ್ದು ಎಲ್ಲ ಸೇರಿಸಿದರೆ ಏಳು ಸಾವಿರ ದಾಟುತ್ತದೆ. ಆ ಲೆಕ್ಕ ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಲಕುವುದನ್ನು ಹಗುರವಾಗಿ ತೆಗೆದುಕೊಂಡಿದ್ದು ಇನ್ನೊಂದು ತಪ್ಪು. ಮೇಲೆ ಬಿಸಿ, ಕೆಳಗೆ ತಣ್ಣಗೆ. ಸೆನ್ಸರ್ ನಾಲ್ಕು ಬೆರಳು ಸರಿಸಿದರೆ ನಾಲ್ಕು ಡಿಗ್ರಿ ಫರಕು. ವೈಪರ್ ಮೋಟರಿಗೆ ಯಾವ ರೆಕ್ಕೆ, ಎಷ್ಟು ಓರೆ, ತಳದಿಂದ ಎಷ್ಟು ಎತ್ತರ ಅನ್ನೋದು ಆರೇಳು ಸಲ ಕೆಡಿಸಿ ಕಂಡುಕೊಂಡದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ಈಗಿನ ವ್ಯವಸ್ಥೆ ಇಷ್ಟು: ಡ್ರಮ್ಮಿನಲ್ಲಿ ಯಾವಾಗಲೂ 20 ಲೀಟರ್ ನೀರು, ನಿಮಿಷಕ್ಕೆ 2 ಲೀಟರ್ ಒಳಗೆ, ಅಷ್ಟೇ ಹೊರಗೆ. ಹೊರಗೆ ಹೋಗುವ ನೀರು ಹತ್ತು ಮೀಟರ್ ಪೈಪು ದಾಟಿದ ಮೇಲೆ ಸೆನ್ಸರಿಗೆ ಸಿಗುತ್ತದೆ. ಬಲ್ಲವರಿಗೆ ಲೆಕ್ಕ ಬಾಯಲ್ಲೇ ಬರುತ್ತದೆ. ಟೈಮ್ ಕಾನ್‌ಸ್ಟಂಟ್ 10 ನಿಮಿಷ, ಪೈಪಿನಲ್ಲಿ ಹಿಡಿಯೋ ನೀರು ಒಂದೂಮುಕ್ಕಾಲು ಲೀಟರ್, ಹಾಗಾಗಿ ಡೆಡ್ ಟೈಮ್ 53 ಸೆಕೆಂಡು, ಪೂರ್ತಿ ಹೀಟರಿಗೆ ಏರಿಕೆ (ಅದೇ ಗೇನ್) 14 ಡಿಗ್ರಿ ಚಿಲ್ಲರೆ. ಇದು ಕಾಗದದ ಉತ್ತರ. ಡ್ರಮ್ಮಿನ ಉತ್ತರ 13ರ ಆಸುಪಾಸು. ಆ ಒಂದು ಡಿಗ್ರಿ ಎಲ್ಲಿ ಹೋಯಿತು ಅಂತ ಬರೆಯುವುದೇ ಮೊದಲನೇ ಲೆಕ್ಕ. ನನ್ನ ನಲವತ್ತು ಚಿಲ್ಲರೆ ಲೆಕ್ಕಗಳಲ್ಲೂ ಎರಡು ಕಾಲಂ: ಕಾಗದ, ಡ್ರಮ್ಮು. ಮಾರ್ಕು ನಡುವಿನ ಅಂತರಕ್ಕೆ.

ಎರಡು ವಾರ ನನ್ನ ತಲೆ ತಿಂದದ್ದು ಬೇರೆಯೇ. ಬೆಳಗಿನ ಬ್ಯಾಚಿನವರು ಗೇನ್ 13 ಅಂತ ತಂದರೆ ಸಂಜೆಯವರು 10 ಅಂತ ತರುತ್ತಿದ್ದರು. ಅದೇ ಡ್ರಮ್ಮು, ಅದೇ ನಲ್ಲಿ. ಸಂಜೆ ಬ್ಯಾಚಿನವರು ಸೋಮಾರಿಗಳು ಅಂತ ತೀರ್ಮಾನಿಸಿ ಮೂರು ಸಲ ಮತ್ತೆ ಮಾಡಿಸಿದೆ. ಒಬ್ಬಳಂತೂ ಕಣ್ಣಲ್ಲಿ ನೀರು ತಂದುಕೊಂಡಳು. ಒಂದು ಸಂಜೆ ಸೆಕೆ ಅಂತ ಮೇಲೆ ನೋಡಿದರೆ ಫ್ಯಾನು ಎಳೆದುಕೊಂಡು ಎಳೆದುಕೊಂಡು ತಿರುಗುತ್ತಿತ್ತು. ಮೀಟರ್ ಹಚ್ಚಿ ನೋಡಿದೆ, 200 ವೋಲ್ಟ್! ಹೀಟರಿನ ಶಕ್ತಿ ವೋಲ್ಟೇಜಿನ ವರ್ಗದ ಮೇಲೆ. 230ರ ಜಾಗದಲ್ಲಿ 200 ಬಂದರೆ ಎರಡು ಕಿಲೋವ್ಯಾಟಿನ ಕಾಯಿಲ್ ಒಂದೂವರೆಗೆ ಇಳಿಯುತ್ತದೆ. 13ರ ಮುಕ್ಕಾಲು ಪಾಲು ಎಷ್ಟು? ಹತ್ತು! ಹುಡುಗರು ಅಳೆದದ್ದು ಸರಿಯಾಗಿಯೇ ಇತ್ತು, ಕತ್ತೆ ನಾನು. ಸ್ಟೆಬಿಲೈಸರ್ ಹಾಕಿ ಅಂದರು, ಹಾಕಲಿಲ್ಲ. ಪ್ರತಿ ರೀಡಿಂಗಿನ ಪಕ್ಕ ವೋಲ್ಟೇಜು ಬರೆಸಿ, ಅದನ್ನೇ ಹದಿನೇಳನೇ ಲೆಕ್ಕ ಮಾಡಿದೆ. ವೋಲ್ಟೇಜು ಕುಸಿದಾಗ ಫೀಡ್‌ಬ್ಯಾಕು (ಬಿಸಿ ತಪ್ಪಿದ್ದು ಕಂಡ ಮೇಲೆ ತಿದ್ದುವುದು) ಎಷ್ಟು ಹೊತ್ತಿಗೆ ಎಚ್ಚರಗೊಳ್ಳುತ್ತದೆ, ಫೀಡ್‌ಫಾರ್ವರ್ಡ್ (ಬಿಸಿ ತಪ್ಪುವ ಮೊದಲೇ, ಕಾರಣ ಕಂಡ ಕೂಡಲೇ ತಿದ್ದುವುದು) ಹಾಕಿದರೆ ಎಷ್ಟು ಉಳಿಯುತ್ತದೆ? ಇಂಥ ಡಿಸ್ಟರ್ಬೆನ್ಸ್ ದುಡ್ಡು ಕೊಟ್ಟರೂ ಸಿಗಲ್ಲ. ನಮ್ಮ ಬೀದಿಯಲ್ಲಿ ದಿನಾ ಸಂಜೆ ಏಳಕ್ಕೆ ಪುಕ್ಕಟೆ.

ಬೋರ್ ನೀರಿನಿಂದ ಕಾಯಿಲ್ ಮೇಲೆ ಬಿಳೀ ಪದರ ಕಟ್ಟಿತು, ಅದೂ ಒಂದು ಲೆಕ್ಕವಾಯಿತು. “ಗೇನ್ ಕಡಿಮೆ ಆಗುತ್ತೆ ಸರ್” ಅಂತ ಎಲ್ಲರೂ ಒಕ್ಕೊರಲಿನಿಂದ. ಆಗಲ್ಲ. ಕರೆಂಟಿನ ಶಾಖ ನೀರಿಗಲ್ಲದೆ ಇನ್ನೆಲ್ಲಿಗೆ ಹೋಗಬೇಕು? ತಡವಾಗುತ್ತದೆ, ಅಷ್ಟೇ.

ಸ್ಟೆಪ್ ಟೆಸ್ಟಿಗೆ (ಹೀಟರ್ ಒಮ್ಮೆಗೇ ಏರಿಸಿ ನೀರು ಹೇಗೆ ಬಿಸಿಯಾಗುತ್ತದೆ ಅಂತ ಗ್ರಾಫ್ ಬರೆಯುವುದು) ಮೊದಮೊದಲು ಎಲ್ಲರಂತೆ ಸ್ಪರ್ಶರೇಖೆ ಎಳೆಸುತ್ತಿದ್ದೆ. ಒಂದೇ ಗ್ರಾಫಿನ ಮೇಲೆ ಎಂಟು ಹುಡುಗರು ಎಂಟು ಗೆರೆ ಎಳೆದರು, ಡೆಡ್ ಟೈಮ್ 20 ಸೆಕೆಂಡಿನಿಂದ 90ರ ತನಕ ಬಂತು. ಅವತ್ತೇ ಬಿಟ್ಟೆ. ಒಟ್ಟು ಏರಿಕೆಯ ಶೇ. 28.3 ಮತ್ತು ಶೇ. 63.2 ಮುಟ್ಟಿದ ಹೊತ್ತು ಬರೆದುಕೊ, ಅಂತರದ ಒಂದೂವರೆ ಪಟ್ಟು ಟೈಮ್ ಕಾನ್‌ಸ್ಟಂಟ್, ಎರಡನೇ ಹೊತ್ತಿನಿಂದ ಅದನ್ನು ಕಳೆದರೆ ಡೆಡ್ ಟೈಮ್. ಈಗ ಎಲ್ಲರದ್ದೂ ಐದಾರು ಸೆಕೆಂಡು ಆಚೀಚೆ.

ಆದರೆ ಹುಡುಗರು ನಿಜವಾಗಿ ತಿರುಗಿದ್ದು ಒಂದು ಆಟದಿಂದ. ಕಂಟ್ರೋಲರ್ ತೆಗೆದು ಕೈಗೆ ಒಂದು ನಾಬ್ ಕೊಟ್ಟೆ. ಪೈಪಿನ ತುದಿಯ ಟೆಂಪರೇಚರ್ ಮಾತ್ರ ಕಾಣುತ್ತದೆ, ನೀರನ್ನು 38ಕ್ಕೆ ನಿಲ್ಲಿಸಬೇಕು. ಕ್ಲಾಸಿಗೇ ಮೊದಲಿಗನಾಗಿದ್ದವನು ನಾಬ್ ತಿರುಗಿಸಿದ, ಏನೂ ಆಗಲಿಲ್ಲ. ಇನ್ನಷ್ಟು ತಿರುಗಿಸಿದ. ಮತ್ತೂ ಇಲ್ಲ. ಪೂರ್ತಿ ಕೊಟ್ಟ. ನಿಮಿಷ ಕಳೆದ ಮೇಲೆ ಏರಲು ಹಿಡಿದದ್ದು 38 ದಾಟಿ ಹೋಗೇ ಹೋಯಿತು. ಗಾಬರಿಯಾಗಿ ಸೊನ್ನೆ ಮಾಡಿದ. ಮುಕ್ಕಾಲು ಗಂಟೆ ಹೀಗೇ ಮೇಲೆ ಕೆಳಗೆ. ಆಮೇಲೆ ಬಂದ ಹುಡುಗಿ ಚೂರು ತಿರುಗಿಸಿ ಕೈಕಟ್ಟಿ ನಿಂತಳು. ಎಲ್ಲಿ ಕಲಿತೆ ಅಂದರೆ, “ನಮ್ಮನೇಲಿ ಸೋಲಾರ್ ಐತಿ ಸರ್, ಬಿಸಿನೀರು ಕೆಳಗೆ ಬರೋತನಕ ತಡೀಬೇಕು” ಅಂದಳು. ಡೆಡ್ ಟೈಮಿನ ಬಗ್ಗೆ ಇಷ್ಟು ವರ್ಷ ಬೋರ್ಡಿನ ಮೇಲೆ ನಾನು ಹೇಳಿದ್ದೆಲ್ಲ ಅವಳ ಬಚ್ಚಲಿನಲ್ಲಿತ್ತು.

ಟ್ಯೂನಿಂಗಿನಲ್ಲಿ, ಅಂದರೆ ಕಂಟ್ರೋಲರಿನ ಅಂಕಿಗಳನ್ನು ಹೊಂದಿಸುವುದರಲ್ಲಿ, ನಾನೂ ಮುಗ್ಗರಿಸಿದೆ. ಝೀಗ್ಲರ್-ನಿಕಲ್ಸ್ ಎಂಬ ಇಬ್ಬರು ಎಂಜಿನಿಯರುಗಳು 1942ರಲ್ಲಿ ಹೇಳಿದಂತೆ ಕಂಟ್ರೋಲರಿನ ಗೇನ್ (ಒಂದು ಡಿಗ್ರಿ ತಪ್ಪಿಗೆ ಹೀಟರ್ ಶೇಕಡಾ ಎಷ್ಟು ಬದಲಿಸಬೇಕು ಅನ್ನೋದು) ಏರಿಸುತ್ತಾ ಹೋಗಿ ಒಂದೇ ಸಮ ತೂಗಾಡುವ ಹಂತಕ್ಕೆ ತರೋಣ ಅಂತ ಇಡೀ ಭಾನುವಾರ ಕೂತೆ. ಆಗಲೇ ಇಲ್ಲ. ಕಾಗದದ ಮೇಲೆ ಆ ಗೇನ್ ಡಿಗ್ರಿಗೆ ಶೇ. 128 ಬರುತ್ತದೆ. ಅಂದರೆ ಒಂದು ಡಿಗ್ರಿ ತಪ್ಪುವ ಮೊದಲೇ ಹೀಟರ್ ಈ ಕೊನೆಯಿಂದ ಆ ಕೊನೆಗೆ ಬಡಿಯುತ್ತದೆ. ನಾನು ಮಾಡುತ್ತಿದ್ದದ್ದು ಬರೀ ಆನ್-ಆಫ್ ಅಂತ ತಿಳಿಯಲು ಸಂಜೆಯಾಯಿತು. ಹಾಗಾದರೆ ಆನ್-ಆಫೇ ಇರಲಿ ಅಂತ ರಿಲೇ ಟೆಸ್ಟ್ ಮಾಡಿಸಿದೆ. ಆಸ್ಟ್ರಾಮ್ ಮತ್ತು ಹಾಗ್ಲುಂಡ್ ಎಂಬ ಸಂಶೋಧಕರು 1984ರಲ್ಲಿ ತೋರಿಸಿದ ದಾರಿ. ಮೂರೂವರೆ ನಿಮಿಷಕ್ಕೊಂದು ಅಲೆ, ನಡುವಿನಿಂದ 0.6 ಡಿಗ್ರಿ ಮೇಲೆ, ಅಷ್ಟೇ ಕೆಳಗೆ. ಸೂತ್ರಕ್ಕೆ ಹಾಕಿದರೆ ಶೇ. 105 ಬರುತ್ತದೆ, 128 ಅಲ್ಲ. ಏಕೆ ಅನ್ನೋದು ಮೂವತ್ತೊಂದನೇ ಲೆಕ್ಕ. ಅಲೆ ಸೈನ್ ತರಂಗವಲ್ಲ ಅನ್ನೋ ಸುಳಿವು ಮಾತ್ರ ಕೊಡುತ್ತೇನೆ. ಆ ಅಂಕಿಯಿಂದ ಝೀಗ್ಲರ್-ನಿಕಲ್ಸ್ ಪಿ.ಐ. ಕಂಟ್ರೋಲರ್ (ಈಗಿನ ತಪ್ಪು, ಕೂಡಿಬಂದ ತಪ್ಪು ಎರಡನ್ನೂ ನೋಡಿ ತಿದ್ದುವುದು) ಹಾಕಿದರೆ ಡಿಗ್ರಿಗೆ ಶೇ. 47, ಓವರ್‌ಶೂಟ್ (ಗುರಿ ದಾಟಿ ಹೋಗುವುದು) ಜೋರು. ಲ್ಯಾಂಬ್ಡಾ (ಎಷ್ಟು ನಿಧಾನಕ್ಕೆ ಗುರಿ ಮುಟ್ಟಬೇಕು ಅಂತ ನಾವೇ ಆರಿಸುವ ಹೊತ್ತು) 2 ನಿಮಿಷ ಇಟ್ಟು ಶೇ. 24, ಇಂಟೆಗ್ರಲ್ ಟೈಮ್ (ಕೂಡಿಬಂದ ತಪ್ಪನ್ನು ಎಷ್ಟು ನಿಧಾನಕ್ಕೆ ತಿದ್ದಬೇಕು ಅನ್ನೋದು) 10 ನಿಮಿಷ ಕೊಟ್ಟರೆ ಹಸುವಿನ ಹಾಗೆ ಬಂದು ನಿಲ್ಲುತ್ತದೆ.

ನನಗೆ ಅತಿ ಹೆಮ್ಮೆಯದ್ದು ನಲ್ಲಿ ಅರ್ಧ ಮುಚ್ಚುವ ಲೆಕ್ಕ. ಹರಿವು ಒಂದು ಲೀಟರಿಗೆ ಇಳಿಸಿ. ಟೈಮ್ ಕಾನ್‌ಸ್ಟಂಟ್ ಎರಡು ಪಟ್ಟು, ಗೇನ್ ಎರಡು ಪಟ್ಟು, ಡೆಡ್ ಟೈಮೂ ಎರಡು ಪಟ್ಟು. ಕಂಟ್ರೋಲರ್ ಎಷ್ಟು ಬದಲಿಸಬೇಕು? ಮೊದಲಿನೆರಡು ಒಂದನ್ನೊಂದು ಹೊಡೆದುಹಾಕುತ್ತವೆ, ಕಂಟ್ರೋಲರಿನ ಗೇನ್ ತಗ್ಗಿಸಲು ಉಳಿಯೋದು ಪೈಪಿನ ತಡ ಒಂದೇ. ಇದು ಹೊಳೆದ ರಾತ್ರಿ ನಿದ್ದೆ ಬರಲಿಲ್ಲ.

ಅಡ್ಡದಾರಿ ಪ್ರಯೋಗಗಳೂ ಆದವು. ಮಂಡಕ್ಕಿ ಭಟ್ಟಿಯೊಂದಕ್ಕೆ ಹುಡುಗರನ್ನು ಕರೆದೊಯ್ದೆ. ಅಲ್ಲಿನ ಅಜ್ಜ ಒಂದು ಹಿಡಿ ಅಕ್ಕಿ ಮರಳಿಗೆ ಎಸೆದು, ಅರಳುವ ಸದ್ದು ಕೇಳಿ ಹೊಟ್ಟು ಎಷ್ಟು ತಳ್ಳಬೇಕು ಅಂತ ಹೇಳುತ್ತಿದ್ದ. ಅಕ್ಕಿ ಹಸಿ ಇದ್ದರೆ ಹಾಕುವ ಮೊದಲೇ ಉರಿ ಏರಿಸುತ್ತಿದ್ದ. ಫೀಡ್‌ಫಾರ್ವರ್ಡ್ ಅಂತ ನಾನು ವಿವರಿಸಿದರೆ, “ಹಂಗಂದ್ರೇನ್ರಿ? ಅಕ್ಕಿ ಮುಟ್ಟಿದ್ರ ಗೊತ್ತಾಗ್ತತಿ” ಅಂದ. ಬೆಣ್ಣೆ ದೋಸೆ ಹೋಟೆಲಿನ ಹಂಚಿನ ಮೇಲೆ ಇನ್‌ಫ್ರಾರೆಡ್ ಗನ್ ಹಿಡಿದದ್ದು ಮಾತ್ರ ದಂಡ. ಜಿಡ್ಡಿನ ಹೊಳಪಿಗೆ ಒಂದೊಂದು ಸಲ ಒಂದೊಂದು ರೀಡಿಂಗು, ಮೇಲಿಂದ ಮಾಲೀಕರ ಬೈಗುಳ, ಎಂಟು ದೋಸೆ ಬಿಲ್ಲು.

ಚಿತ್ರದುರ್ಗದ ಕೋಟೆಗೆ ಹೋದದ್ದು ಸಾರ್ಥಕವಾಯಿತು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ ಸಿಹಿನೀರು ಹೊಂಡ, ಸಂತೆ ಹೊಂಡ. ಸಾಲಿನ ತೊಟ್ಟಿಗಳು, ಕೆಳಗಿನದರ ಮಟ್ಟ ಮೇಲಿನದಕ್ಕೆ ಗೊತ್ತೇ ಆಗಲ್ಲ. ನಾನ್-ಇಂಟರಾಕ್ಟಿಂಗ್ ಅಂದರೆ ಇದು. ಮೇಲಿನದು ತುಂಬುವ ತನಕ ಕೆಳಕ್ಕೆ ಹನಿಯೂ ಇಲ್ಲ, ಇದನ್ನು ಯಾವ ಟ್ರಾನ್ಸ್‌ಫರ್ ಫಂಕ್ಷನ್ನಿಗೆ (ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಇರುವ ಸಂಬಂಧದ ಸೂತ್ರ) ತುರುಕುತ್ತೀರಿ ಅಂತ ಬಂಡೆ ಮೇಲೆ ಕೂತು ಜಗಳವಾಡಿದೆವು. ಮಾತು ವಾಣಿವಿಲಾಸ ಸಾಗರಕ್ಕೆ ಹೋಯಿತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. “89 ವರ್ಷದ ಟೈಮ್ ಕಾನ್‌ಸ್ಟಂಟ್ ಸರ್” ಅಂದ ಒಬ್ಬ. ಸೋಲಾರ್ ಹುಡುಗಿ ಅವನನ್ನು ಅಲ್ಲೇ ಹಿಡಿದಳು: ಬಂದದ್ದು, ಹೋದದ್ದರ ವ್ಯತ್ಯಾಸ ಕೂಡಿಡೋದು ಇಂಟೆಗ್ರೇಟರ್, ಅದಕ್ಕೆ ಟೈಮ್ ಕಾನ್‌ಸ್ಟಂಟ್ ಎಲ್ಲಿಂದ ತಂದೆ?

ಫಲಿತಾಂಶ ಕೇಳುವವರಿಗೆ: ಮೊದಲು ಮೂವತ್ತರಲ್ಲಿ ಹನ್ನೆರಡು ಹದಿಮೂರು ಮಂದಿ ಈ ಪೇಪರ್ ದಾಟುತ್ತಿದ್ದರು. ಹೋದ ಬ್ಯಾಚಿನಲ್ಲಿ ದಾಟದೆ ಉಳಿದವರು ಮೂವರೇ, ಅದರಲ್ಲಿ ಒಬ್ಬ ಪರೀಕ್ಷೆಗೇ ಹೋಗಿರಲಿಲ್ಲ. ಸಿಲೆಬಸ್ಸೂ ಮುಗಿಯಿತು, ಬೋಡೆ ಗ್ರಾಫಿನ ಪಾಠದ ಸಮೇತ.

ಹೋದ ತಿಂಗಳು ಬಂದವರು ಚಹಾ ಕುಡಿದು, ಸ್ವಲ್ಪ ಹೊತ್ತು ಫ್ಯಾನು ನೋಡಿ, ಡ್ರಮ್ಮು ಒಂದು ವಾರಕ್ಕೆ ಕೊಡ್ತೀರಾ ಅಂದರು. ರೆಕ್ಕೆ ಬಿಚ್ಚಿಟ್ಟುಕೊಂಡು ಉಳಿದದ್ದು ಕೊಟ್ಟೆ. ನಾಲ್ಕನೇ ದಿನ ಸಂಜೆ ಫೋನ್ ಬಂತು.

“ಸರ್, ಬೆಳಿಗ್ಗೆ ಬಂದ ಗೇನ್ ಈಗ ಬರ್ತಾ ಇಲ್ಲ. ಹುಡುಗರು ಸರಿಯಾಗಿ ಅಳೀತಿಲ್ಲ ಅನ್ಸುತ್ತೆ.”

“ಫ್ಯಾನ್ ನೋಡಿ ಸರ್,” ಅಂದೆ.