ಹಿರಿಯರ ಭೇಟಿಗೆ ಹೋಗುವಾಗ ಆರೈಕೆ ಮಾಡುವವರನ್ನೂ ನೆನೆಯಿರಿ

ಕ್ರೈಸ್ತ ಸಭೆಯ (ಚರ್ಚಿನ) ವತಿಯಿಂದ ವಯೋವೃದ್ಧರ ಮನೆಗಳಿಗೆ ಹೋಗುವವರು ಸಾಮಾನ್ಯವಾಗಿ ಹಾಸಿಗೆಯ ಬಳಿ ಪ್ರಾರ್ಥಿಸಿ, ‘ಏನಾದರೂ ಬೇಕಿದ್ದರೆ ತಿಳಿಸಿ’ ಎಂದು ಹೇಳಿ ಹೊರಡುತ್ತಾರೆ. ಆದರೆ ಹಗಲಿರುಳು ಆರೈಕೆ ಮಾಡಿ ದಣಿದ ಮಗಳೋ ಸೊಸೆಯೋ ತಾವಾಗಿಯೇ ನೆರವು ಕೇಳುವುದು ಬಹಳ ಅಪರೂಪ. ಆದ್ದರಿಂದ, ‘ಬರುವ ಗುರುವಾರ ಮಧ್ಯಾಹ್ನ ಎರಡು ಗಂಟೆಗಳ ಕಾಲ ನಾವು ಇವರ ಜೊತೆ ಕುಳಿತಿರುತ್ತೇವೆ, ನೀವು ವಿಶ್ರಮಿಸಿ ಅಥವಾ ಹೊರಗೆ ಹೋಗಿ ಬನ್ನಿ’ ಎಂದು ದಿನ, ಸಮಯಗಳನ್ನು ನಿಗದಿಪಡಿಸಿಯೇ ಹೇಳಿ, ತಪ್ಪದೆ ಹೋಗಿರಿ. ಔಷಧಿಯ ವೇಳೆ, ನುಂಗಲು ತೊಂದರೆಯಿದೆಯೇ, ತುರ್ತಿಗೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಮೊದಲೇ ಬರೆದುಕೊಳ್ಳಿರಿ. ಇಬ್ಬರು ಜೊತೆಯಾಗಿ ಹೋಗುವುದು ಎಲ್ಲರಿಗೂ ಕ್ಷೇಮ.

ಮರೆವಿನ ಕಾಯಿಲೆಯಿರುವವರಿಗೆ ‘ನಾನು ಯಾರೆಂದು ಹೇಳಿ’ ಎಂಬ ಪರೀಕ್ಷೆ ಬೇಡ. ಅದು ಅವರನ್ನು ನೋಯಿಸುತ್ತದೆ. ಟಿವಿಯನ್ನು ಆರಿಸಿ, ಅವರ ಕಣ್ಣಿನ ಮಟ್ಟಕ್ಕೆ ಕುಳಿತು, ಬಾಲ್ಯದಿಂದ ಹಾಡಿದ ಗೀತೆಯನ್ನೋ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆಯನ್ನೋ ನಿಧಾನವಾಗಿ ಆರಂಭಿಸಿರಿ. ಹೆಸರುಗಳನ್ನು ಮರೆತವರೂ ಎಷ್ಟೋ ಬಾರಿ ಈ ಮಾತುಗಳಿಗೆ ದನಿಗೂಡಿಸುತ್ತಾರೆ. ಮುಪ್ಪಿನಲ್ಲಿ ಕೈಬಿಡಬೇಡವೆಂದು ಬೇಡುವ, ಬೈಬಲಿನ 71ನೇ ಕೀರ್ತನೆಯನ್ನು ಓದುವುದಾದರೆ, ಆರೈಕೆ ಮಾಡುವವರನ್ನೂ ಪಕ್ಕಕ್ಕೆ ಕರೆದು ಕೂರಿಸಿ, ಅವರ ಹೆಸರು ಹೇಳಿ ಪ್ರಾರ್ಥಿಸಿರಿ.