ಹಕ್ಕಿ ಕಾಳಿಗೆ ಪತಂಗ ಹತ್ತದಂತೆ ಇಡುವುದು ಹೇಗೆ?

ಜೂನ್ ಹಿಡಿದರೆ ಸಾಕು, ಲವ್ ಬರ್ಡ್ಸ್ ಸಾಕಿದವರ ಮನೆಯ ಟ್ಯೂಬ್‌ಲೈಟಿನ ಸುತ್ತ ಸಣ್ಣ ಪತಂಗಗಳ ಓಡಾಟ ಶುರು. ಕಿಟಕಿ ತೆರೆದಿಟ್ಟಿದ್ದಕ್ಕೆ ಬಂದವು ಎಂದು ಮನೆಯವರು ಕಿಟಕಿ ಮುಚ್ಚುತ್ತಾರೆ. ಪಾಪ, ಕಿಟಕಿಯದೇನೂ ತಪ್ಪಿಲ್ಲ. ಬಹುಪಾಲು ಅವು ಕಾಳಿನ ಜತೆಗೇ ಮೊಟ್ಟೆಯಾಗಿ ಮನೆಯೊಳಗೆ ಬಂದಿರುತ್ತವೆ. ಹಕ್ಕಿ ತಿನ್ನುವ ನವಣೆ, ಸಜ್ಜೆಯನ್ನು ಕರಾವಳಿಯಲ್ಲಿ ಬೆಳೆಯುವವರು ಇಲ್ಲವೆಂದೇ ಹೇಳಬೇಕು. ಬಯಲುಸೀಮೆಯಿಂದ ಘಟ್ಟ ಇಳಿದು ಬರಬೇಕು. ಗೋದಾಮು, ಲಾರಿ, ಅಂಗಡಿಯ ಮೂಲೆ ಎಂದು ಅಲ್ಲಲ್ಲಿ ಕೂತು ಕಾರವಾರ, ಕುಮಟೆ ಮುಟ್ಟುವ ಚೀಲದಲ್ಲಿ ಮೊಟ್ಟೆ ಇಲ್ಲದಿದ್ದರೇ ಆಶ್ಚರ್ಯ.

ಹಾಗಾಗಿ ಕೆಲಸ ಶುರುವಾಗುವುದು ಅಂಗಡಿಯಲ್ಲೇ. ಒಂದು ಲವ್ ಬರ್ಡ್ ದಿನಕ್ಕೆ ತಿನ್ನುವುದು ಎರಡು ಟೀ ಚಮಚದಷ್ಟು ಕಾಳು, ಅಂದಾಜು 10 ಗ್ರಾಂ. ಜೋಡಿಗೆ ತಿಂಗಳಿಗೆ 600 ಗ್ರಾಂ ಆಯಿತು. ನಮ್ಮ ಸೆಕೆಯಲ್ಲಿ ಮೊಟ್ಟೆ ಪತಂಗವಾಗಲು 4ರಿಂದ 6 ವಾರ ಸಾಕು. ಅಗ್ಗಕ್ಕೆ ಸಿಕ್ಕಿತೆಂದು 5 ಕಿಲೋ ತಂದರೆ ಹಕ್ಕಿಗಿಂತ ಹುಳುವಿಗೇ ಹೆಚ್ಚು ಲಾಭ. ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ.

ಕೊಳ್ಳುವ ಮೊದಲು ಒಂದು ಹಿಡಿ ಕಾಳನ್ನು ಮೆಲ್ಲಗೆ ಮೇಲೆತ್ತಿ ನೋಡಿ. ನಾಲ್ಕಾರು ಕಾಳು ಜೇಡರ ನೂಲಿಗೆ ಪೋಣಿಸಿದ ಹಾಗೆ ಜೋತುಬಿದ್ದರೆ, ಒಳಗೆ ಹುಳು ಬಲೆ ಕಟ್ಟಿದೆ ಎಂದೇ ಲೆಕ್ಕ. ಪ್ಯಾಕೆಟ್ಟಾದರೆ ಬೆಳಕಿಗೆ ಹಿಡಿದು ಸೂಜಿ ಚುಚ್ಚಿದಂಥ ತೂತಿದೆಯೇ ನೋಡಿ. ತೆಳ್ಳಗಿನ ಪ್ಲಾಸ್ಟಿಕ್ಕನ್ನು ಇವು ಸಲೀಸಾಗಿ ಕೊರೆಯುತ್ತವೆ.

ಇನ್ನು ಮುಖ್ಯ ಕೆಲಸ, ಫ್ರೀಜರಿನದು. ಕಾಳನ್ನು ಮೊರದಲ್ಲಿ ಕೇರಿ, ಧೂಳು, ಹೊಟ್ಟು ತೆಗೆದು, ಒಂದೊಂದು ಕಿಲೋದಂತೆ ದಪ್ಪ ಕವರಿಗೆ ತುಂಬಿ ಗಾಳಿ ಹಿಂಡಿ ಕಟ್ಟಿ. ಮೈನಸ್ 18 ಡಿಗ್ರಿಯಲ್ಲಿ 4 ದಿನ ಇಟ್ಟರೆ ಮೊಟ್ಟೆ, ಹುಳು ಎರಡೂ ಸಾಯುತ್ತವೆ. ಆದರೆ ಒಂಟಿ ಬಾಗಿಲಿನ ಫ್ರಿಜ್ಜಿನ ಮೇಲಿನ ಗೂಡು ಅಷ್ಟು ತಣ್ಣಗಾಗುವುದು ಅನುಮಾನ, ಮೇಲಿಂದ ಮಳೆಗಾಲದ ಕರೆಂಟಿನ ಕಣ್ಣಾಮುಚ್ಚಾಲೆ. ಒಂದು ವಾರ ಪೂರ್ತಿ ಬಿಡಿ, ಅರ್ಧ ದಿನ ಕರೆಂಟು ಹೋದರೆ ಮತ್ತೆರಡು ದಿನ ಸೇರಿಸಿ. ಹೊರಗೆ ತೆಗೆದ ಕೂಡಲೇ ಕವರು ಬಿಚ್ಚಬೇಡಿ. ಜುಲೈ ತಿಂಗಳ ಗಾಳಿಯ ಪಸೆಯೆಲ್ಲ ತಣ್ಣನೆಯ ಕಾಳಿನ ಮೇಲೆ ನೀರಾಗಿ ಕೂರುತ್ತದೆ. ಹುಳು ಹೋಗಿ ಬೂಷ್ಟು ಬಂದಂತಾಗುತ್ತದೆ. ರಾತ್ರಿ ತೆಗೆದಿಟ್ಟು, ಕವರಿನ ಹೊರಮೈ ಒಣಗಿದ ಮೇಲೆ ಬೆಳಿಗ್ಗೆ ಬಿಚ್ಚಿ.

ಫ್ರಿಜ್ ಇಲ್ಲದವರು ಏಪ್ರಿಲ್, ಮೇ ಬಿಸಿಲಿನಲ್ಲಿ ಅಂಗಳದಲ್ಲಿ ತೆಳ್ಳಗೆ ಹರಡಿ ಒಣಗಿಸಬಹುದು. ಹುಳು ಎದ್ದು ಓಡುತ್ತವೆ, ಆದರೆ ಮೊಟ್ಟೆಯೆಲ್ಲ ಸತ್ತಿತೆಂಬ ಭರವಸೆ ಇಲ್ಲ. ಬಿಸಿ ಆರದೆ ಡಬ್ಬಕ್ಕೆ ತುಂಬಿದರೆ ಕಾಳು ಬೆವರುತ್ತದೆ.

ಡಬ್ಬಕ್ಕೆ ಬಿಗಿ ಮುಚ್ಚಳ ಇರಬೇಕು, ಅಷ್ಟೇ. ಗಾಜಿನ ಬರಣಿ, ತಗಡಿನ ಡಬ್ಬ ಒಳ್ಳೆಯದು. ಚೆನ್ನಾಗಿ ಒಣಗಿಸಿದ 2 ಲೀಟರಿನ ನೀರಿನ ಬಾಟಲಿಯೂ ಆದೀತು. ತಿರುಪು ಮುಚ್ಚಳವಾದರೆ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಕೊಡಿ, ಆಗಷ್ಟೇ ಹೊರಬಂದ ಮರಿಹುಳು ತಿರುಪಿನ ಸಂದಿಯಲ್ಲೇ ನುಸುಳುತ್ತದೆ. ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ಬಿಡಿ. ಅಜ್ಜಿಯರು ಧಾನ್ಯಕ್ಕೆ ಹಾಕುತ್ತಿದ್ದ ಒಣ ಲಕ್ಕಿ ಸೊಪ್ಪು ಪತಂಗವನ್ನು ಸ್ವಲ್ಪ ದೂರ ಇಡಬಹುದು, ಒಳಗಿದ್ದ ಮೊಟ್ಟೆಗೆ ಏನೂ ಮಾಡದು. ಡಾಂಬರ್ ಗುಳಿಗೆಯನ್ನು ಮಾತ್ರ ಕಾಳಿನ ಹತ್ತಿರ ತರಬೇಡಿ, ಹಕ್ಕಿಗೆ ವಿಷ. ಗೋದಾಮಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಂತೂ ಮನುಷ್ಯರನ್ನೇ ಕೊಲ್ಲುತ್ತದೆ. ಪಂಜರವಿರುವ ಕೋಣೆಯಲ್ಲಿ ಸ್ಪ್ರೇ ಕೂಡ ಬೇಡ.

ಈಗಾಗಲೇ ಪತಂಗ ಹಾರುತ್ತಿದ್ದರೆ? ಡಬ್ಬ ತೊಳೆದರಷ್ಟೇ ಸಾಲದು. ಬಲಿತ ಹುಳು ಕಾಳು ಬಿಟ್ಟು ಗೋಡೆ ಹತ್ತಿ ಗೂಡು ಕಟ್ಟುತ್ತದೆ. ಕ್ಯಾಲೆಂಡರಿನ ಹಿಂದೆ, ಮಾಡಿನ ಪಕಾಸಿಯ ಸಂದಿಯಲ್ಲಿ, ಕಪಾಟಿನ ಮೊಳೆಯ ತೂತಿನಲ್ಲಿ ಬಿಳಿ ನೂಲಿನ ಗೂಡು ಹುಡುಕಿ ಒರೆಸಿ ತೆಗೆಯಿರಿ. ಪಂಜರದ ತಟ್ಟೆಯಲ್ಲಿ ಬಿದ್ದ ಕಾಳನ್ನೂ ದಿನಾ ಗುಡಿಸಿ. ಬಲೆ ಕಟ್ಟಿದ ಕಾಳನ್ನು ಅಕ್ಕಪಕ್ಕದ ಕೋಳಿಗಳಿಗೆ ಹಾಕಬಹುದು, ಹುಳುವಿನಿಂದ ಅವಕ್ಕೇನೂ ಆಗದು. ಬೂಷ್ಟಿನ ವಾಸನೆ ಬಂದಿದ್ದರೆ ಕೋಳಿಗೂ ಬೇಡ, ಹಿತ್ತಲಲ್ಲಿ ಆಳಕ್ಕೆ ಹೂತುಬಿಡಿ.