ಪಾಯಿಂಟ್ ಗ್ಯಾಪ್ ಮತ್ತು ಡ್ವೆಲ್: ಹಳೆಯ ಕಾರಿನಲ್ಲಿ ಸರಿಮಾಡುವುದು ಹೇಗೆ?

ಹಳೆಯ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸ್ಟಾರ್ಟ್ ಆದರೂ ಪಿಕಪ್ ಇಲ್ಲ. ವೇಗ ಹೆಚ್ಚಿಸಿದರೆ ನಡುನಡುವೆ ಮಿಸ್ ಹೊಡೆಯುತ್ತದೆ. ಇಂಥ ಹೊತ್ತಿನಲ್ಲಿ ಬಹಳಷ್ಟು ಜನ ಮೊದಲು ಕಾರ್ಬುರೇಟರ್‌ಗೆ ಕೈ ಹಾಕುತ್ತಾರೆ. ದಯವಿಟ್ಟು ಅದಕ್ಕೂ ಮುಂಚೆ ಡಿಸ್ಟ್ರಿಬ್ಯೂಟರ್‌ನ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಕ್ಯಾಪ್ ತೆಗೆದು ನೋಡಿ. ತೊಂದರೆ ಅಲ್ಲಿರುವ ಎರಡು ಪುಟ್ಟ ಲೋಹದ ತುದಿಗಳಲ್ಲಿ, ಅಂದರೆ ಪಾಯಿಂಟ್‌ಗಳಲ್ಲಿ ಇರಬಹುದು.

ಪಾಯಿಂಟ್ ಒಂದು ಸ್ವಿಚ್, ಅಷ್ಟೇ. ಎರಡು ತುದಿಗಳು ಕೂಡಿದಾಗ ಬ್ಯಾಟರಿಯ ಕರೆಂಟ್ ಇಗ್ನಿಷನ್ ಕಾಯಿಲ್‌ನಲ್ಲಿ ಹರಿಯುತ್ತದೆ. ಕಾಯಿಲ್ ಒಳಗೆ ಕಾಂತಶಕ್ತಿ ತುಂಬಿಕೊಳ್ಳುತ್ತದೆ. ನಡುವೆ ತಿರುಗುವ ಕ್ಯಾಮ್‌ನ ಉಬ್ಬು ಬಂದು ತುದಿಗಳನ್ನು ಬಿಡಿಸಿದ ಕ್ಷಣ ಕರೆಂಟ್ ನಿಲ್ಲುತ್ತದೆ, ಕಾಂತಶಕ್ತಿ ಒಮ್ಮೆಲೇ ಕುಸಿಯುತ್ತದೆ. ಆಗ ಹುಟ್ಟುವ ಸಾವಿರಾರು ವೋಲ್ಟ್ ರೋಟರ್ ಎಂಬ ತಿರುಗುವ ತುಂಡಿನ ಮೂಲಕ ಪ್ಲಗ್‌ಗೆ ಹೋಗಿ ಕಿಡಿಯಾಗುತ್ತದೆ. ಪಾಯಿಂಟ್ ಕೂಡಿದಾಗಲ್ಲ, ಬಿಟ್ಟಾಗ ಕಿಡಿ ಬರುತ್ತದೆ. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ. ಪಕ್ಕದಲ್ಲಿರುವ ಕಂಡೆನ್ಸರ್‌ನ ಕೆಲಸವೂ ಇದೇ ಕ್ಷಣಕ್ಕೆ ಸೇರಿದ್ದು. ಬಿಡುವಾಗ ತುದಿಗಳ ನಡುವೆ ಕಿಡಿ ಹಾರಿ ಅವು ಸುಡದಂತೆ ಅದು ತಡೆಯುತ್ತದೆ.

ಡ್ವೆಲ್ ಎಂದರೇನು?

ಡಿಸ್ಟ್ರಿಬ್ಯೂಟರ್ ಒಂದು ಸುತ್ತು ತಿರುಗಿದರೆ 360 ಡಿಗ್ರಿ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್‌ಗೆ 90 ಡಿಗ್ರಿ ಸಿಗುತ್ತದೆ. ಆ 90ರಲ್ಲಿ ಎಷ್ಟು ಡಿಗ್ರಿ ಪಾಯಿಂಟ್ ಕೂಡಿರುತ್ತದೋ ಅದೇ ಡ್ವೆಲ್. ಕಾಯಿಲ್ ತುಂಬಿಕೊಳ್ಳಲು ಸಿಗುವ ಅವಕಾಶ ಅಷ್ಟೇ.

ಆ ಅವಕಾಶ ಎಷ್ಟು ಚಿಕ್ಕದು ಅಂತ ಲೆಕ್ಕ ಹಾಕಿ ನೋಡೋಣ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಡಿಸ್ಟ್ರಿಬ್ಯೂಟರ್ ಅದರ ಅರ್ಧ, 1500 ಸುತ್ತು ತಿರುಗುತ್ತದೆ. ಸೆಕೆಂಡಿಗೆ 25 ಸುತ್ತು, 100 ಕಿಡಿ. ಒಂದು ಕಿಡಿಗೆ ಸಿಗುವುದು 10 ಮಿಲಿಸೆಕೆಂಡ್. ಡ್ವೆಲ್ 60 ಡಿಗ್ರಿ ಇದ್ದರೆ ಕಾಯಿಲ್ ತುಂಬಲು ಸುಮಾರು 6.7 ಮಿಲಿಸೆಕೆಂಡ್. ವೇಗ 6000ಕ್ಕೆ ಏರಿದರೆ ಅದರಲ್ಲೂ ಅರ್ಧ. ಡ್ವೆಲ್ ಕಡಿಮೆಯಿದ್ದರೆ ಐಡಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ, ವೇಗದಲ್ಲಿ ಮಾತ್ರ ಕಿಡಿ ಸೊರಗುತ್ತದೆ. ಡ್ವೆಲ್ ಜಾಸ್ತಿಯಾದರೂ ಕಷ್ಟ. ಪಾಯಿಂಟ್ ಸರಿಯಾಗಿ ಬಿಡುವುದಿಲ್ಲ, ತುದಿಗಳು ಸುಡುತ್ತವೆ, ಕಾಯಿಲ್ ಬಿಸಿಯಾಗುತ್ತದೆ.

ಪಾಯಿಂಟ್ ಪೂರ್ತಿ ಬಿಟ್ಟಾಗ ತುದಿಗಳ ನಡುವೆ ಇರುವ ಅಂತರವೇ ಗ್ಯಾಪ್. ಗ್ಯಾಪ್ ಮತ್ತು ಡ್ವೆಲ್ ಬೇರೆಬೇರೆ ಅಲ್ಲ. ಗ್ಯಾಪ್ ದೊಡ್ಡದು ಮಾಡಿದರೆ ಡ್ವೆಲ್ ಇಳಿಯುತ್ತದೆ, ಚಿಕ್ಕದು ಮಾಡಿದರೆ ಏರುತ್ತದೆ. ಹಾಗಾದರೆ ಗ್ಯಾಪ್ ಅಳೆದರೆ ಸಾಕಲ್ವಾ? ಹೊಸ ಪಾಯಿಂಟ್‌ಗೆ ಬಹುಮಟ್ಟಿಗೆ ಸಾಕು. ಹಳೆಯದಕ್ಕೆ ಸಾಲದು. ಓಡಿದ ಪಾಯಿಂಟ್‌ನಲ್ಲಿ ಒಂದು ತುದಿಯ ಲೋಹ ಇನ್ನೊಂದಕ್ಕೆ ಅಂಟಿ, ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳೆಯಂಥ ಉಬ್ಬು ಆಗಿರುತ್ತದೆ. ಅಂತರ ಅಳೆಯುವ ಚಪ್ಪಟೆ ಪಟ್ಟಿ, ಅಂದರೆ ಫೀಲರ್ ಗೇಜ್, ಆ ಉಬ್ಬಿನ ಮೇಲೆ ಕೂರುತ್ತದೆ. ಗುಳಿಯೊಳಗಿನ ಅಂತರ ಅದಕ್ಕೆ ಸಿಗುವುದಿಲ್ಲ. ಗೇಜ್ ಪ್ರಕಾರ ಎಲ್ಲ ಸರಿ, ನಿಜವಾದ ಗ್ಯಾಪ್ ಮಾತ್ರ ಜಾಸ್ತಿ. ಡ್ವೆಲ್ ಮೀಟರ್ ಹೀಗೆ ಮೋಸ ಹೋಗುವುದಿಲ್ಲ. ಅದಕ್ಕೇ ನಾನು ಗೇಜ್ ಬಳಸಿದ ಮೇಲೂ ಮೀಟರ್ ಹಾಕದೆ ಬಿಡುವುದಿಲ್ಲ.

ಮೊದಲು ಗ್ಯಾಪ್

ನಿಮ್ಮ ಡಿಸ್ಟ್ರಿಬ್ಯೂಟರ್‌ನ ಅಳತೆ ಕೈಪಿಡಿಯಲ್ಲಿ ನೋಡಿಕೊಳ್ಳಿ. ಊಹೆ ಬೇಡ. ಲ್ಯೂಕಾಸ್ 25ಡಿ4ಕ್ಕೆ ಗ್ಯಾಪ್ 0.35ರಿಂದ 0.40 ಮಿ.ಮೀ., ಡ್ವೆಲ್ 60 ಡಿಗ್ರಿ, ಮೂರು ಹೆಚ್ಚು ಕಡಿಮೆ ಇರಬಹುದು. ಅದೇ ಕಂಪನಿಯ 45ಡಿ4ಕ್ಕೆ ಡ್ವೆಲ್ 51. ಫೋಕ್ಸ್‌ವ್ಯಾಗನ್‌ನ ಏರ್ ಕೂಲ್ಡ್ ಬೀಟಲ್ ಕಾರಿಗೆ ಗ್ಯಾಪ್ 0.4 ಮಿ.ಮೀ., ಡ್ವೆಲ್ 44ರಿಂದ 50.

ಇಗ್ನಿಷನ್ ಆಫ್ ಮಾಡಿ. ಕ್ಯಾಪ್ ತೆಗೆದು ವೈರುಗಳ ಸಮೇತ ಪಕ್ಕಕ್ಕಿಡಿ, ರೋಟರ್ ಮೇಲಕ್ಕೆ ಎಳೆದು ತೆಗೆಯಿರಿ. ಪಾಯಿಂಟ್ ತೋಳಿನಲ್ಲಿ ಕ್ಯಾಮ್‌ಗೆ ಉಜ್ಜುವ ಫೈಬರ್ ತುಂಡು ಇರುತ್ತದೆ. ಅದು ಕ್ಯಾಮ್ ಉಬ್ಬಿನ ನೆತ್ತಿಗೆ ಬರುವವರೆಗೆ ಎಂಜಿನ್‌ನ್ನು ಕೈಯಿಂದ ತಿರುಗಿಸಿ. ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ಶಾಫ್ಟ್) ಪುಲ್ಲಿಯ ನಟ್‌ಗೆ ಸ್ಪ್ಯಾನರ್ ಹಾಕಿದರೆ ಸಲೀಸು. ಪ್ಲಗ್‌ಗಳನ್ನು ಬಿಚ್ಚಿದ್ದರೆ ಇನ್ನೂ ಹಗುರ. ಪಾಯಿಂಟ್ ಹಿಡಿದಿರುವ ಸ್ಕ್ರೂ ಸ್ವಲ್ಪ ಸಡಿಲಿಸಿ, ಫೀಲರ್ ಗೇಜ್ ತೂರಿಸಿ, ಪಟ್ಟಿ ತುಸು ಹಿಡಿದು ಎಳೆಯುವಷ್ಟು ಅಂತರ ಇಟ್ಟು ಬಿಗಿ ಮಾಡಿ. ಬಿಗಿ ಮಾಡುವಾಗ ಅಂತರ ಜಾರುತ್ತದೆ. ಮತ್ತೊಮ್ಮೆ ಅಳೆಯಲೇಬೇಕು.

ಹೊಸ ಪಾಯಿಂಟ್ ಹಾಕುತ್ತಿದ್ದರೆ ತುದಿಗಳ ಮೇಲಿನ ಎಣ್ಣೆ ಪೊರೆಯನ್ನು ಒರೆಸಿ. ಕ್ಯಾಮ್‌ಗೆ ಗ್ರೀಸ್ ಸುಮ್ನೆ ತೆಳ್ಳಗೆ ಸವರಿ. ಜಾಸ್ತಿಯಾದರೆ ಅದು ಹಾರಿ ಪಾಯಿಂಟ್ ಮೇಲೆ ಕೂತು ಸುಡುತ್ತದೆ. ಇನ್ನೊಂದು, ವೈರ್ ಕೂರುವ ಜಾಗದ ಇನ್ಸುಲೇಟಿಂಗ್ ವಾಷರ್‌ಗಳ ಜೋಡಣೆ. ಬಿಚ್ಚುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲ ಸಲ ಪಾಯಿಂಟ್ ಬದಲಿಸಿದಾಗ ನಾನು ವಾಷರ್‌ನ್ನು ತಪ್ಪು ಜಾಗದಲ್ಲಿ ಹಾಕಿದ್ದೆ. ವೈರ್ ನೇರವಾಗಿ ಅರ್ತ್‌ಗೆ ತಾಗಿತ್ತು. ಪಾಯಿಂಟ್ ಬಿಟ್ಟರೂ ಕರೆಂಟ್ ನಿಲ್ಲಲಿಲ್ಲ, ಒಂದು ಕಿಡಿಯೂ ಬರಲಿಲ್ಲ. ಕಾಯಿಲ್, ಕಂಡೆನ್ಸರ್, ಪ್ಲಗ್ ಎಲ್ಲ ತಡಕಾಡಿ ಅರ್ಧ ದಿನ ಕಳೆಯಿತು.

ಆಮೇಲೆ ಮೀಟರ್

ರೋಟರ್, ಕ್ಯಾಪ್ ಹಾಕಿ. ಮೀಟರಿನ ಒಂದು ವೈರ್ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್‌ಗೆ, ಇನ್ನೊಂದು ಅರ್ತ್‌ಗೆ. ಸಿಲಿಂಡರ್ ಸಂಖ್ಯೆ ಆರಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ, ಫ್ಯಾನ್ ಹತ್ತಿರ ಕೈ ಬೇಡ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ನಿಂತ ಮೇಲೆ ಓದಿ. ಮೀಟರಿನಲ್ಲಿ ಎಂಟು ಸಿಲಿಂಡರ್ ಅಳತೆ ಮಾತ್ರ ಇದ್ದರೆ ನಾಲ್ಕು ಸಿಲಿಂಡರ್‌ಗೆ ಓದನ್ನು ಎರಡರಿಂದ ಗುಣಿಸಿ.

ಓದು ಜಾಸ್ತಿ ಬಂದರೆ ಎಂಜಿನ್ ನಿಲ್ಲಿಸಿ ಗ್ಯಾಪ್ ಹಿಗ್ಗಿಸಿ, ಕಡಿಮೆ ಬಂದರೆ ತಗ್ಗಿಸಿ. ಎರಡು ಮೂರು ಸಲ ಬಿಚ್ಚಿ ಹಾಕಬೇಕಾದರೂ ಬೇಸರ ಬೇಡ. ಸರಿಹೋದ ಮೇಲೆ ನಿಧಾನವಾಗಿ ಆಕ್ಸಿಲರೇಟರ್ ಒತ್ತಿ ನೋಡಿ. ಮುಳ್ಳು ಮೂರು ಡಿಗ್ರಿಗಿಂತ ಹೆಚ್ಚು ಅಲುಗಾಡಿದರೆ ಡಿಸ್ಟ್ರಿಬ್ಯೂಟರ್‌ಗೆ ಬರುವ ವ್ಯಾಕ್ಯೂಮ್ ಪೈಪ್ ತೆಗೆದು, ಅದರ ಬಾಯಿ ಮುಚ್ಚಿ ಮತ್ತೆ ನೋಡಿ. ಆಗಲೂ ಅಲುಗಿದರೆ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಬುಷ್ ಸವೆದಿರುವ ಅನುಮಾನವಿದೆ. ಆಗ ಎಷ್ಟು ಗ್ಯಾಪ್ ತಿದ್ದಿದರೂ ನಿಲ್ಲುವುದಿಲ್ಲ.

ಕೊನೆಗೆ ಟೈಮಿಂಗ್

ಟೈಮಿಂಗ್ ಎಂದರೆ ಕಿಡಿ ಯಾವ ಕ್ಷಣಕ್ಕೆ ಬರಬೇಕು ಅನ್ನುವ ಹೊಂದಾಣಿಕೆ. ಟೈಮಿಂಗ್ ಲೈಟ್ ಅದನ್ನು ನೋಡುವ ದೀಪ. ಈ ಕ್ರಮ ತಪ್ಪಿಸಬೇಡಿ. ಡ್ವೆಲ್ ಒಂದು ಡಿಗ್ರಿ ಏರಿದರೆ ಕಿಡಿ ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು ಒಂದು ಡಿಗ್ರಿ ತಡವಾಗುತ್ತದೆ. ಟೈಮಿಂಗ್ ಇಟ್ಟ ಮೇಲೆ ಪಾಯಿಂಟ್ ಮುಟ್ಟಿದರೆ ಟೈಮಿಂಗ್ ಕೆಟ್ಟಿತು ಅಂತಲೇ ಅರ್ಥ. ಟೈಮಿಂಗ್ ಬದಲಿಸಿದರೆ ಮಾತ್ರ ಡ್ವೆಲ್ ಬದಲಾಗುವುದಿಲ್ಲ. ಹಾಗಾಗಿ ಡ್ವೆಲ್ ಮೊದಲು, ಟೈಮಿಂಗ್ ಲೈಟ್ ಆಮೇಲೆ.

ಹೊಸ ಪಾಯಿಂಟ್‌ನ ಫೈಬರ್ ತುಂಡು ಶುರುವಿನಲ್ಲಿ ಬೇಗ ಸವೆದು ಕ್ಯಾಮ್‌ಗೆ ಹೊಂದಿಕೊಳ್ಳುತ್ತದೆ. ಸವೆದಂತೆ ಗ್ಯಾಪ್ ಕುಗ್ಗುತ್ತದೆ, ಡ್ವೆಲ್ ಏರುತ್ತದೆ, ಕಿಡಿ ತಡವಾಗುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮೀಟರ್ ಮತ್ತೊಮ್ಮೆ ಹಚ್ಚಿ, ಡ್ವೆಲ್ ಮತ್ತು ಟೈಮಿಂಗ್ ಎರಡನ್ನೂ ನೋಡಿ.